ಎದುರುಮನೆಯ ಫ್ರಿಜ್ಜು, ಶುಕ್ರವಾರ ರಾತ್ರಿ

ನ್ಯೂಜೆರ್ಸಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಎದುರಿಗೆ ಒಂದು ಯೆಹೂದಿ ಕುಟುಂಬ ಇತ್ತು. ಆಗಸ್ಟ್ ತಿಂಗಳ ಒಂದು ಶುಕ್ರವಾರ ರಾತ್ರಿ ಒಂಬತ್ತರ ಹೊತ್ತಿಗೆ ಆ ಮನೆಯ ಯಜಮಾನರು ಬಂದು ನಮ್ಮ ಬಾಗಿಲು ತಟ್ಟಿದರು. ಕಾಲಿಂಗ್ ಬೆಲ್ ಒತ್ತಲಿಲ್ಲ, ತಟ್ಟಿದರು. ಬಿಳಿ ಶರ್ಟು, ಕಪ್ಪು ಕೋಟು, ಹಣೆ ತುಂಬ ಬೆವರು.

"ಸೆಕೆ ಜಾಸ್ತಿ ಅಲ್ವಾ ಇವತ್ತು?" ಅಂದರು. ಹೌದು ಅಂದೆ. "ನಮ್ಮನೆ ಫ್ರಿಜ್ಜಲ್ಲಿ ತಣ್ಣಗಿನ ಸೋಡಾ ಇದೆ. ಬಂದು ಒಂದು ತಗೊಳ್ಳಿ."

ವರ್ಷಗಟ್ಟಲೆ ಕೈಬೀಸಿ ನಕ್ಕಿದ್ದು ಬಿಟ್ಟರೆ ಅಷ್ಟೇನೂ ಬಳಕೆ ಇಲ್ಲದವರು. ರಾತ್ರಿ ಒಂಬತ್ತಕ್ಕೆ ಸೋಡಾ ಕುಡಿಯೋಕೆ ಕರೀತಿದ್ದಾರೆ! ಹೋದೆ. ಅಡುಗೆಮನೆಯಲ್ಲಿ ಹೆಂಡತಿ, ಮಕ್ಕಳು ಎಲ್ಲರೂ ಫ್ರಿಜ್ಜಿನ ಸುತ್ತ ನಿಂತಿದ್ದರು. ಯಾರೂ ಅದನ್ನು ಮುಟ್ಟಲಿಲ್ಲ. "ನೀವೇ ತಗೊಳ್ಳಿ" ಅಂದರು. ಬಾಗಿಲು ತೆಗೆದೆ. ಒಳಗೆ ಬಲ್ಬು ಹತ್ತಿಕೊಂಡಿತು. ಒಂದು ಸೋಡಾ ಎತ್ತಿಕೊಂಡೆ. ಆಗ ಅವರು, ಗೋಡೆಗೆ ಹೇಳುವವರ ಹಾಗೆ, "ಆ ಬಲ್ಬನ್ನ ಶುಕ್ರವಾರ ಮಧ್ಯಾಹ್ನವೇ ಸಡಿಲ ಮಾಡಿಡ್ತೀವಿ. ಇವತ್ತು ಮರೆತೇಹೋಯ್ತು" ಅಂದರು. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲೂ ಒಂದು ಬಲ್ಬು ಹತ್ತಿತ್ತು. ಕೈಹಾಕಿ ಅದನ್ನು ಅರ್ಧ ಸುತ್ತು ತಿರುಗಿಸಿದೆ. ಆರಿತು. ಮಕ್ಕಳು ಹೋ ಅಂದರು. ಮಾರನೇ ದಿನದ ಊಟವೆಲ್ಲ ಅದರೊಳಗಿತ್ತು.

ಇದರಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಎರಡು. ಫ್ರಿಜ್ಜಿನ ಬಾಗಿಲು ತೆಗೆಯೋದು ಯಾವ ಸೀಮೆ ಕೆಲಸ? ತೆಗೆಯಬಾರದು ಅಂದಮೇಲೆ, "ಸ್ವಲ್ಪ ತೆಗೆದುಕೊಡಿ" ಅಂತ ನೇರವಾಗಿ ಕೇಳೋದು ಬಿಟ್ಟು ಸೋಡಾದ ನಾಟಕ ಯಾಕೆ? ಉತ್ತರ ಹುಡುಕುತ್ತಾ ಹೋದರೆ ಅದು ಫ್ರಿಜ್ಜಿನಿಂದ ಯೆಹೂದಿಗಳ ಧರ್ಮಗ್ರಂಥ ತೋರಾಕ್ಕೆ, ತೋರಾದಿಂದ ಲಿಫ್ಟಿಗೆ, ಲಿಫ್ಟಿನಿಂದ ಟೆಲಿಫೋನ್ ಕಂಬಕ್ಕೆ ಎಳೆದುಕೊಂಡು ಹೋಯಿತು.

ಶಬ್ಬಾತ್ ಅಂದರೆ ವಾರದ ಏಳನೇ ದಿನ. ಕನ್ನಡ ಬೈಬಲಿನಲ್ಲಿ ಇದೇ "ಸಬ್ಬತ್ ದಿನ". ಯೆಹೂದಿ ಲೆಕ್ಕದಲ್ಲಿ ದಿನ ಶುರುವಾಗೋದು ಸಂಜೆಯಿಂದ. ಹಾಗಾಗಿ ಶಬ್ಬಾತ್ ಶುಕ್ರವಾರ ಸೂರ್ಯ ಮುಳುಗುವಾಗ ಬಂದು ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವ ಹೊತ್ತಿಗೆ ಹೋಗುತ್ತದೆ. ಸುಮಾರು 25 ಗಂಟೆ. ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ಮನೆಯ ಹೆಂಗಸರು ದೀಪ ಹಚ್ಚುತ್ತಾರೆ. ಜೆರುಸಲೇಮಿನವರು ಇನ್ನೂ ಹುಷಾರು, ಅವರದು 40 ನಿಮಿಷ ಮುಂಚೆ.

ಸೂರ್ಯಾಸ್ತ ಅಂದರೆ ಎಲ್ಲಿಯ ಸೂರ್ಯಾಸ್ತ? ತರಲೆ ಪ್ರಶ್ನೆ ಅನ್ನಿಸಬಹುದು. ಆದರೆ 2003ರಲ್ಲಿ ಇದು ನಿಜವಾಗಿಯೂ ಎದ್ದಿತ್ತು. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯಲ್ಲಿ ಇಸ್ರೇಲಿನ ಇಲಾನ್ ರಾಮೋನ್ ಕೂಡ ಇದ್ದರು. ಅವರೇನೂ ಭಾರೀ ಸಂಪ್ರದಾಯಸ್ಥರಲ್ಲ. ಆದರೂ ತಮ್ಮ ಜನರ ಪರವಾಗಿ ಹೋಗುತ್ತಿದ್ದೇನೆ ಅನ್ನುವ ಕಾರಣಕ್ಕೆ ಮೇಲೆ ಶಬ್ಬಾತ್ ಆಚರಿಸಬೇಕು ಅಂದುಕೊಂಡರು. ಅಲ್ಲಿ ಒಂದೂವರೆ ಗಂಟೆಗೊಮ್ಮೆ ಸೂರ್ಯ ಹುಟ್ಟಿ ಮುಳುಗುತ್ತಾನೆ. ಹಾಗಾದರೆ ಏಳು ದಿನ ಅಂದರೆ ಹತ್ತೂವರೆ ಗಂಟೆಯಾ? ಹೊರಟ ಜಾಗದ, ಅಂದರೆ ಕೇಪ್ ಕನಾವೆರಲ್‌ನ ಗಡಿಯಾರ ಹಿಡಿ ಅಂದರು ಯೆಹೂದಿ ಧರ್ಮಪಂಡಿತರಾದ ರಬ್ಬಿಗಳು. ಆ ನೌಕೆ ವಾಪಸ್ ಬರುವಾಗ ಛಿದ್ರವಾದ ಫೆಬ್ರವರಿ 1, ಶನಿವಾರ.

ಪ್ರಶ್ನೆ ಎಷ್ಟೇ ವಿಚಿತ್ರವಿರಲಿ, ಅದನ್ನು ಹಾಸ್ಯ ಮಾಡಿ ಬಿಡುವುದಿಲ್ಲ. ಯಾರೋ ಒಬ್ಬರು ಕೂತು, ಹಳೆಯ ಪುಸ್ತಕ ತೆಗೆದು, ಉತ್ತರ ಬರೆಯುತ್ತಾರೆ. ಇನ್ನೊಬ್ಬರು ಅದು ತಪ್ಪು ಅಂತ ಬರೆಯುತ್ತಾರೆ. ಈ ಪ್ರಶ್ನೋತ್ತರಗಳದ್ದೇ ಒಂದು ದೊಡ್ಡ ಸಾಹಿತ್ಯವಿದೆ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಬೆಳೆಯುತ್ತಲೇ ಇದೆ.

ಮೂಲದಲ್ಲಿ ಇರೋದು ಎಷ್ಟು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಹತ್ತು ಆಜ್ಞೆಗಳು ತೋರಾದಲ್ಲಿ ಎರಡು ಸಲ ಬರುತ್ತವೆ. ತೋರಾದ ಐದು ಕಾಂಡಗಳಲ್ಲಿ ಒಂದಾದ ವಿಮೋಚನಕಾಂಡದಲ್ಲಿ ಶಬ್ಬಾತಿಗೆ ಕೊಟ್ಟ ಕಾರಣ: ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ಬಿಟ್ಟ, ನೀನೂ ಬಿಡು. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಮರೀಬೇಡ. ಆದ್ದರಿಂದ ನಿನ್ನ ಆಳು, ನಿನ್ನ ಎತ್ತು, ಕತ್ತೆಗೂ ಆ ದಿನ ಬಿಡುವು ಕೊಡು. ನನಗೆ ಈ ಎರಡನೆಯದು ಹೆಚ್ಚು ಇಷ್ಟ. ಎತ್ತಿಗೆ ವಾರದ ರಜೆ ಬರೆದಿಟ್ಟ ಹಳೇ ಕಾನೂನು ಎಷ್ಟಿದ್ದಾವು?

ಸರಿ, ಕೆಲಸ ಮಾಡಬೇಡ ಅಂದಿತು ತೋರಾ. ಕೆಲಸ ಅಂದರೇನು? ಅದನ್ನು ಹೇಳಿಲ್ಲ! ಬೆಂಕಿ ಹೊತ್ತಿಸಬೇಡ ಅಂತ ಒಂದು ಮಾತಿದೆ. ಸೌದೆ ಆರಿಸಿ ಸಿಕ್ಕಿಬಿದ್ದವನ ಕಥೆ ಅರಣ್ಯಕಾಂಡದಲ್ಲಿದೆ. ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಪಟ್ಟಿ ಅಂತ ಏನೂ ಇಲ್ಲ. ಹಳೆಯ ಪಂಡಿತರೇ ಇದನ್ನು ಒಪ್ಪಿಕೊಂಡಿದ್ದಾರೆ. ಶಬ್ಬಾತಿನ ನಿಯಮಗಳು ಕೂದಲೆಳೆಯಲ್ಲಿ ನೇತಾಡುವ ಬೆಟ್ಟಗಳಿದ್ದ ಹಾಗೆ, ಶಾಸ್ತ್ರ ಚೂರು, ನಿಯಮ ರಾಶಿ ಅನ್ನುತ್ತದೆ ಮಿಶ್ನಾ. ತಮ್ಮ ಕೆಲಸದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಶಾಸ್ತ್ರಕಾರರು ಅಪರೂಪ.

ಮಿಶ್ನಾ ಅಂದರೆ ಬಾಯಿಂದ ಬಾಯಿಗೆ ಬಂದ ನಿಯಮಗಳ ಸಂಗ್ರಹ. ಸುಮಾರು ಕ್ರಿ.ಶ. 200ರಲ್ಲಿ ಗಲಿಲಾಯದಲ್ಲಿ ಯೆಹೂದಾ ಹನಸಿ ಎಂಬ ರಬ್ಬಿ ಅದನ್ನು ಒಟ್ಟುಗೂಡಿಸಿದರು. ಅದರ ಮೇಲೆ ಬಾಬಿಲೋನಿನ ಪಂಡಿತರು ನಡೆಸಿದ ಚರ್ಚೆಯೇ ತಾಲ್ಮುದ್. ಶಬ್ಬಾತ್ ದಿನ ಮಾಡಬಾರದ ಕೆಲಸ "ನಲವತ್ತಕ್ಕೆ ಒಂದು ಕಡಿಮೆ" ಅಂತ ಮಿಶ್ನಾ ಎಣಿಸುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು, ತೂರುವುದು, ಬೀಸುವುದು, ಜರಡಿ ಹಿಡಿಯುವುದು, ನಾದುವುದು, ಬೇಯಿಸುವುದು. ಒಂದು ರೊಟ್ಟಿಯ ಇಡೀ ಜೀವನಚರಿತ್ರೆ ಇದು. ಆಮೇಲೆ ಉಣ್ಣೆ ಕತ್ತರಿಸಿ, ತೊಳೆದು, ನೂತು, ನೇಯ್ದು, ಹೊಲಿಯುವತನಕ ಬಟ್ಟೆಯ ಕೆಲಸಗಳು. ಜಿಂಕೆ ಹಿಡಿದು ಚರ್ಮ ಹದ ಮಾಡುವುದು. ಬರೆಯುವುದು, ಅಳಿಸುವುದು, ಕಟ್ಟುವುದು, ಕೆಡವುವುದು, ಬೆಂಕಿ ಹೊತ್ತಿಸುವುದು, ಆರಿಸುವುದು. ಕೊನೆಗೆ, ಒಂದು ಜಾಗದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದು.

ಈ 39 ಎಲ್ಲಿಂದ ಬಂತು? ಮರುಭೂಮಿಯಲ್ಲಿ ಮೋಶೆಯ ಜನ ಕಟ್ಟಿದ ದೇವದರ್ಶನದ ಗುಡಾರದ ವರ್ಣನೆಯ ಪಕ್ಕದಲ್ಲೇ ತೋರಾ ಶಬ್ಬಾತಿನ ಮಾತೆತ್ತುತ್ತದೆ. ಅಂದಮೇಲೆ ಆ ಗುಡಾರ ಕಟ್ಟಲು ಬೇಕಾಗಿದ್ದ ಕೆಲಸಗಳೇ ನಿಷೇಧ ಅಂತ ರಬ್ಬಿಗಳು ಓದಿದರು. ಒಂದು ಉದಾಹರಣೆ ನನಗೆ ತುಂಬಾ ಹಿಡಿಸಿತು. "ಎರಡು ಅಕ್ಷರ" ಬರೆದರೆ ತಪ್ಪು ಅನ್ನುತ್ತದೆ ಮಿಶ್ನಾ. ಎರಡೇ ಯಾಕೆ? ಗುಡಾರವನ್ನು ಆಗಾಗ ಬಿಚ್ಚಿ, ಹೊತ್ತು, ಮತ್ತೆ ಜೋಡಿಸಬೇಕಿತ್ತು. ಯಾವ ಹಲಗೆ ಯಾವುದರ ಪಕ್ಕ ಬರಬೇಕು ಅಂತ ಹಲಗೆಗಳ ಮೇಲೆ ಗುರುತು ಹಾಕುತ್ತಿದ್ದರಂತೆ. ಅದಕ್ಕೇ ಎರಡು. ಹಳೇ ಮನೆ ಬಿಚ್ಚುವಾಗ ನಮ್ಮ ಬಡಗಿಗಳು ತೊಲೆಗಳಿಗೆ ನಂಬರ್ ಬರೆಯುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಇಲ್ಲೇ ಒಂದು ಗಂಟು ಬಿಡಿಸಿಕೊಳ್ಳಬೇಕು. ಹೀಬ್ರೂವಿನಲ್ಲಿ ಕೆಲಸಕ್ಕೆ ಎರಡು ಮಾತಿವೆ. ಅವೋದಾ ಅಂದರೆ ದುಡಿಮೆ, ಬೆವರು. ಮೆಲಾಖಾ ಅಂದರೆ ಏನನ್ನೋ ಮಾಡಿ ಮುಗಿಸುವ ಕುಶಲ ಕೆಲಸ. ಆದಿಕಾಂಡದಲ್ಲಿ ದೇವರು ಏಳನೇ ದಿನ ನಿಲ್ಲಿಸಿದ್ದು ಮೆಲಾಖಾ. ಶಬ್ಬಾತಿನಲ್ಲಿ ನಿಷೇಧವಾಗಿರುವುದೂ ಮೆಲಾಖಾ. ಹಾಗಾಗಿ ಸುಸ್ತಾಗುತ್ತದೋ ಇಲ್ಲವೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಮನೆಯೊಳಗೆ ಭಾರದ ಮೇಜನ್ನು ಈ ಕೋಣೆಯಿಂದ ಆ ಕೋಣೆಗೆ ಎಳೆದರೆ, ದಿನದ ಮರ್ಯಾದೆಗೆ ತಕ್ಕದ್ದಲ್ಲ ಅನ್ನಬಹುದು, ಆದರೆ ಅದು ಮೆಲಾಖಾ ಅಲ್ಲ. ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಂಡು ಸಾರ್ವಜನಿಕ ರಸ್ತೆಗೆ ಇಳಿದರೆ ಅದು ಮೆಲಾಖಾ! ಕೊಡೆ ಬಿಚ್ಚುವಂತಿಲ್ಲ, ಅದು ಸಣ್ಣದೊಂದು ಗುಡಾರ ಎತ್ತಿದಂತೆ. ಮಳೆ ಬಂದರೆ ನೆನೆಯಬೇಕು. ಒಂದು ದಿನ ಈ ಲೋಕವನ್ನು ಇದ್ದ ಹಾಗೇ ಬಿಡು, ಏನನ್ನೂ ತಿದ್ದಬೇಡ, ಹೊಸದಾಗಿ ಮಾಡಬೇಡ. ಹೀಗೆ ಓದಿಕೊಂಡರೆ ಫ್ರಿಜ್ಜಿನ ಬಲ್ಬು ಯಾಕೆ ತಂಟೆ ಅಂತ ಗೊತ್ತಾಗುತ್ತಾ ಬರುತ್ತದೆ.

ಬೆಂಕಿಯ ವಿಷಯಕ್ಕೆ ಬರೋಣ. "ನಿಮ್ಮ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದು" ಅನ್ನುತ್ತದೆ ವಿಮೋಚನಕಾಂಡ. ರಬ್ಬಿಗಳು ಇದನ್ನು ಓದಿದ್ದು ಹೀಗೆ: ಹೊತ್ತಿಸಬಾರದು ಅಷ್ಟೇ, ಮೊದಲೇ ಹೊತ್ತಿಸಿಟ್ಟ ಬೆಂಕಿ ಉರಿಯಲಿ. ಎಂಟನೇ ಶತಮಾನದಿಂದೀಚೆಗೆ ಬೆಳೆದ ಕರಾಯಿಟರು ಎಂಬ ಪಂಗಡ ಒಪ್ಪಲಿಲ್ಲ. ಅವರು ತಾಲ್ಮುದನ್ನೇ ಒಪ್ಪದವರು. ಬೆಂಕಿ ಮನೆಯಲ್ಲಿ ಇರಲೇಬಾರದು ಅಂತ ಕತ್ತಲಲ್ಲಿ ಕೂತು ತಣ್ಣನೆಯ ಊಟ ಮಾಡಿದರು. ಆವಾಗಿಂದ ಬಿಸಿ ಊಟವೇ ಒಂದು ಗುರುತಾಯಿತು. ಶನಿವಾರ ಮಧ್ಯಾಹ್ನ ಬಿಸಿ ಊಟ ಮಾಡುತ್ತೀಯಾ, ಹಾಗಾದರೆ ನೀನು ನಮ್ಮವನು! ಶುಕ್ರವಾರ ಸಂಜೆ ಸಣ್ಣ ಉರಿಯಲ್ಲಿಟ್ಟು ರಾತ್ರಿಯಿಡೀ ಬೇಯುವ ಮಾಂಸ, ಕಾಳು, ಗೋಧಿಯ ಅಡುಗೆ ಹುಟ್ಟಿದ್ದು ಹೀಗೆ. ಯೂರೋಪಿನವರು ಚೋಲೆಂಟ್ ಅಂತಾರೆ, ಪೂರ್ವದವರು ಹಮೀನ್ ಅಂತಾರೆ. ಇವತ್ತು ಇಸ್ರೇಲಿನ ಮನೆಗಳಲ್ಲಿ ಒಲೆಯ ಬದಲು "ಪ್ಲಾಟಾ" ಅನ್ನುವ ಬಿಸಿ ತಟ್ಟೆ ಇದೆ. ಶುಕ್ರವಾರ ಹಾಕಿದರೆ ಶನಿವಾರ ರಾತ್ರಿ ತನಕ ಹಾಗೇ ಬಿಸಿ. ಅದಕ್ಕೆ ಸ್ವಿಚ್ಚೂ ಇಲ್ಲ, ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇಲ್ಲ.

ತಾಲ್ಮುದೇ ತಲುಪದಿದ್ದ ಕಡೆ ಏನಾಯಿತು ಅನ್ನೋದೂ ಸ್ವಾರಸ್ಯದ ವಿಷಯ. ಇಥಿಯೋಪಿಯಾದ ಯೆಹೂದಿಗಳೂ ಶಬ್ಬಾತ್ ದಿನ ತಣ್ಣನೆಯ ಊಟವನ್ನೇ ಮಾಡುತ್ತಿದ್ದರು. ಇನ್ನೂ ಹತ್ತಿರದ ಕಥೆ ನಮ್ಮ ಪಕ್ಕದ ಕೊಂಕಣದ್ದು. ಅಲಿಬಾಗ್ ಸುತ್ತಮುತ್ತಲ ಹಳ್ಳಿಗಳಲ್ಲಿದ್ದ ಬೆನೆ ಇಸ್ರೇಲ್ ಎಂಬ ಯೆಹೂದಿಗಳು ಗಾಣದವರು, ಎಣ್ಣೆ ತೆಗೆಯುವುದು ಕಸುಬು. ಅವರ ಹತ್ತಿರ ತಾಲ್ಮುದ್ ಇರಲಿಲ್ಲ, ಹೀಬ್ರೂ ಹೆಚ್ಚುಕಡಿಮೆ ಮರೆತೇಹೋಗಿತ್ತು, ಆಡುತ್ತಿದ್ದದ್ದು ಮರಾಠಿ. ಆದರೆ ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಊರವರು ಅವರಿಗೆ ಇಟ್ಟ ಹೆಸರು "ಶನಿವಾರ ತೇಲಿ", ಶನಿವಾರದ ಗಾಣಿಗರು. ಬೇರೆ ಗಾಣಿಗರಿಂದ ಅವರನ್ನು ಬೇರೆ ಮಾಡಿದ್ದು ಒಂದು ದಿನದ ಬಿಡುವು. ಗಾಣದ ಎತ್ತಿಗೂ ಬಿಡುವು ಸಿಕ್ಕಿತಲ್ಲ, ಧರ್ಮೋಪದೇಶಕಾಂಡ ಹೇಳಿದ ಹಾಗೇ.

ಈಗ ವಿದ್ಯುತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮನೆಗಳಿಗೆ ಕರೆಂಟು ಬಂದಾಗ ಪ್ರಶ್ನೆ ಎದ್ದಿತು. ಇದು ಬೆಂಕಿಯೋ ಅಲ್ಲವೋ? ಹಳೇ ಬಲ್ಬಿನ ಬಗ್ಗೆ ಜಗಳ ಕಡಿಮೆ. ಅದರೊಳಗೆ ಒಂದು ಲೋಹದ ತಂತಿ ಕೆಂಪಗೆ ಕಾಯುತ್ತದೆ. ನೀರಿಗದ್ದಿ ಗಟ್ಟಿ ಮಾಡಲೆಂದು ಕಬ್ಬಿಣ ಕಾಯಿಸುವುದು ಬೆಂಕಿ ಹೊತ್ತಿಸುವುದರ ಜಾತಿಗೇ ಸೇರಿದ್ದು ಅಂತ ಹನ್ನೆರಡನೇ ಶತಮಾನದಲ್ಲೇ ಯೆಹೂದಿ ಶಾಸ್ತ್ರಕಾರ ಮೈಮೊನಿಡೀಸ್ ಬರೆದಿಟ್ಟಿದ್ದರು. ಅಂದಮೇಲೆ ಬಲ್ಬು ಹತ್ತಿಸಿದರೆ ಬೆಂಕಿ ಹತ್ತಿಸಿದಂತೆ. ಆದರೆ ಫ್ಯಾನು? ಟೆಲಿಫೋನು? ಅಲ್ಲಿ ಕಾಯುವ ತಂತಿಯೇ ಇಲ್ಲವಲ್ಲ.

ಒಬ್ಬ ರಬ್ಬಿ, ಇಲ್ಲದ ಕರೆಂಟನ್ನು ತಂತಿಯಲ್ಲಿ ಹೊಸದಾಗಿ ಹುಟ್ಟಿಸಿದಂತಾಯಿತು, ಅದಕ್ಕೇ ಬೇಡ ಅಂದರು. ಬ್ನೇ ಬ್ರಾಕ್ ಊರಿನ ದೊಡ್ಡ ಪಂಡಿತ ಹಜೋನ್ ಇಷ್ ಇನ್ನೊಂದು ಮಾತು ಹೇಳಿದರು: ಸ್ವಿಚ್ಚು ಹಾಕಿದಾಗ ಸತ್ತಿದ್ದ ತಂತಿಗೆ ಜೀವ ಬರುತ್ತದೆ, ಸರ್ಕ್ಯೂಟು ಪೂರ್ತಿಯಾಗುತ್ತದೆ, ಅದು "ಕಟ್ಟುವ" ಕೆಲಸ. ಜೆರುಸಲೇಮಿನ ಶ್ಲೋಮೋ ಝಲ್ಮಾನ್ ಔವರ್‌ಬಾಖ್ ಒಪ್ಪಲಿಲ್ಲ. ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವುದನ್ನು ಕಟ್ಟುವುದು ಅಂತೀರಾ? ಬಾಗಿಲು ತೆಗೆದು ಮುಚ್ಚಿದ ಹಾಗೆ ಅಷ್ಟೇ ಅಂದರು. ಅವರು 1935ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ವಿದ್ಯುತ್ತಿನ ಬಗ್ಗೆಯೇ ಒಂದು ಪುಸ್ತಕ ಬರೆದವರು. ಒಂದೊಂದೇ ಕಾರಣ ಎತ್ತಿಕೊಂಡು ನಿಲ್ಲೋದಿಲ್ಲ ಅಂತ ತೋರಿಸಿದರು. ಹಾಗಾದರೆ ಫ್ಯಾನು ಹಾಕಬಹುದಾ? ಇಲ್ಲ! ಜನರ ರೂಢಿ ಬೇಡ ಅನ್ನುತ್ತದೆ, ಆದ್ದರಿಂದ ಬೇಡ. ಎಲ್ಲರೂ ಬೇಡ ಅನ್ನೋರೇ, ಯಾಕೆ ಬೇಡ ಅನ್ನೋದರಲ್ಲಿ ಮಾತ್ರ ಒಮ್ಮತ ಇಲ್ಲ. ಇದು ಸುಮ್ನೆ ಕಾಲಹರಣ ಅಲ್ಲ. ಕಾರಣ ಯಾವುದು ಅನ್ನುವುದರ ಮೇಲೆ ನಾಳಿನ ಉತ್ತರ ನಿಂತಿರುತ್ತದೆ. ಎಲ್ಇಡಿ ಬಲ್ಬಿನಲ್ಲಿ ಕಾಯುವ ತಂತಿ ಇಲ್ಲ. ಬೆಂಕಿ ಅನ್ನುವ ಕಾರಣ ಅಲ್ಲಿ ಸಡಿಲವಾಗುತ್ತದೆ. ಆಸ್ಪತ್ರೆಯಲ್ಲೋ ವಯಸ್ಸಾದವರ ಮನೆಯಲ್ಲೋ ತುರ್ತು ಬಂದಾಗ ಈ ವ್ಯತ್ಯಾಸ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಕೆಲಸದ ಮೇಲೆ ಇಸ್ರೇಲಿಗೆ ಹೋದ ಬೆಂಗಳೂರಿನ ಗೆಳೆಯರು ವಾಪಸ್ ಬಂದು ಮೊದಲು ಹೇಳುವ ಕಥೆ ಲಿಫ್ಟಿನದು. ಶನಿವಾರ ಹೋಟೆಲಿನ ಒಂದು ಲಿಫ್ಟು ತನ್ನಷ್ಟಕ್ಕೆ ತಾನು ಪ್ರತಿ ಮಹಡಿಯಲ್ಲೂ ನಿಲ್ಲುತ್ತಾ, ಬಾಗಿಲು ತೆಗೆಯುತ್ತಾ, ಮೇಲೆ ಕೆಳಗೆ ಓಡಾಡುತ್ತದೆ. ಹನ್ನೆರಡನೇ ಮಹಡಿಗೆ ಹೋಗೋಕೆ ಪ್ರಾಣ ಹೋಗುತ್ತೆ ಮಾರಾಯ ಅಂತಾರೆ. ಅದೇ ಶಬ್ಬಾತ್ ಲಿಫ್ಟ್. ನೀನು ಗುಂಡಿ ಒತ್ತಲಿಲ್ಲ, ನೀನಿಲ್ಲದಿದ್ದರೂ ಅದು ಹೋಗುತ್ತಿತ್ತು, ನೀನು ಸುಮ್ನೆ ಒಳಗೆ ನಿಂತೆ. ಒಂದಕ್ಕಿಂತ ಹೆಚ್ಚು ಲಿಫ್ಟಿರುವ ಹೊಸ ಕಟ್ಟಡಗಳಲ್ಲಿ ಒಂದಕ್ಕೆ ಈ ವ್ಯವಸ್ಥೆ ಇರಬೇಕು ಅಂತ ಇಸ್ರೇಲಿನಲ್ಲಿ 2001ರಲ್ಲಿ ಕಾನೂನೇ ಆಯಿತು.

ಅಲ್ಲಿಗೆ ಮುಗಿಯಿತಾ? ಲೆವಿ ಇತ್ಸಾಕ್ ಹಾಲ್ಪೆರಿನ್ ಅನ್ನುವ ರಬ್ಬಿ ಲಿಫ್ಟಿನ ಮೋಟಾರನ್ನೇ ಅಧ್ಯಯನ ಮಾಡಿದರು. ಮೇಲೆ ಹೋಗುವಾಗ ಹೆಚ್ಚಿನ ತೊಂದರೆ ಇಲ್ಲ, ಎಳೆಯುವುದು ಮೋಟಾರು. ಆದರೆ ಕೆಳಗಿಳಿಯುವಾಗ ನಿನ್ನ ತೂಕವೇ ಲಿಫ್ಟನ್ನು ಎಳೆಯುತ್ತದೆ, ಮೋಟಾರಿನ ಕೆಲಸದಲ್ಲಿ ನಿನ್ನದೂ ಪಾಲು ಬರುತ್ತದೆ ಅಂದರು. ನಾವು ಇಳಿಯೋದು ಸುಲಭ, ಹತ್ತೋದು ಕಷ್ಟ ಅಂದುಕೊಂಡಿರುತ್ತೇವೆ. ಇಲ್ಲಿ ತಿರುಗುಮುರುಗು! ಅದಕ್ಕೇ ಕೆಲವರು ಶಬ್ಬಾತ್ ಲಿಫ್ಟಿನಲ್ಲಿ ಹತ್ತುತ್ತಾರೆ, ಮೆಟ್ಟಿಲಲ್ಲಿ ಇಳಿಯುತ್ತಾರೆ. ತೂಕ ಅಳೆದು ಮೋಟಾರಿನ ಬಲ ಹೊಂದಿಸಿಕೊಳ್ಳುವ ಹೊಸ ಲಿಫ್ಟುಗಳು ಬಂದಮೇಲೆ, 2009ರಲ್ಲಿ ಹಿರಿಯ ರಬ್ಬಿ ಎಲ್ಯಾಶಿವ್ ಮತ್ತು ಇತರರು ಶಬ್ಬಾತ್ ಲಿಫ್ಟೇ ಬೇಡ ಅಂದರು. ಎತ್ತರದ ಕಟ್ಟಡಗಳಲ್ಲಿದ್ದ ಸಂಪ್ರದಾಯಸ್ಥರು ತಲೆ ಮೇಲೆ ಕೈಹೊತ್ತು ಕೂತರು. ಬೇರೆ ರಬ್ಬಿಗಳು ಇರಲಿ ಬಿಡಿ ಅಂದರು. ಇಬ್ಬರ ಕಡೆಯವರೂ ಇದ್ದಾರೆ.

ಅಲೋನ್ ಶ್ವುತ್ ಎಂಬಲ್ಲಿ ಝೋಮೆತ್ ಅನ್ನುವ ಸಂಸ್ಥೆ ಇದೆ. ಎಂಜಿನಿಯರುಗಳೂ ರಬ್ಬಿಗಳೂ ಒಟ್ಟಿಗೆ ಕೂತು ಉಪಕರಣ ಮಾಡುತ್ತಾರೆ. ಅವರ ಹತ್ತಿರ ಒಂದು ಪೆನ್ನು ಇದೆ. ಅದರ ಶಾಯಿ ಕೆಲವು ದಿನದಲ್ಲಿ ಮಾಸಿಹೋಗುತ್ತದೆ. ಬರೆಯೋದು ಅಂದರೆ ಉಳಿಯುವಂತೆ ಬರೆಯೋದು, ಉಳಿಯದಿದ್ದರೆ ತಪ್ಪಿನ ತೂಕ ಕಡಿಮೆ. ಶಬ್ಬಾತ್ ದಿನ ಕೆಲಸದಲ್ಲಿರುವ ವೈದ್ಯರಿಗೆ ಅದು. ಆದರೆ ಉಪಾಯಕ್ಕೂ ಒಂದು ಮಿತಿ ಇದೆ. 2015ರಲ್ಲಿ ಕೋಷರ್ ಸ್ವಿಚ್ ಅಂತ ಒಂದು ಸುದ್ದಿ ಮಾಡಿತು. ಅದನ್ನು ಸರಿಸಿದರೆ ದೀಪ ತಕ್ಷಣ ಹತ್ತುವುದಿಲ್ಲ, ಯಾವಾಗ ಹತ್ತಬೇಕು ಅನ್ನೋದು ಯಂತ್ರದೊಳಗಿನ ಅದೃಷ್ಟದಾಟಕ್ಕೆ ಬಿಟ್ಟದ್ದು. ಹಾಗಾಗಿ ನೀನು ನೇರವಾಗಿ ಹತ್ತಿಸಿದಂತಲ್ಲ ಅನ್ನೋದು ವಾದ. ಬಹಳಷ್ಟು ರಬ್ಬಿಗಳು ಒಪ್ಪಲಿಲ್ಲ. ರೋಗಿಗೆ, ಭದ್ರತೆಗೆ ಬಳಸುವ ಅಡ್ಡದಾರಿಯನ್ನು ಮನೆಮನೆಗೂ ಕೊಟ್ಟರೆ ಶನಿವಾರಕ್ಕೂ ಮಂಗಳವಾರಕ್ಕೂ ಏನು ವ್ಯತ್ಯಾಸ ಉಳಿಯಿತು ಅಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಇಷ್ಟೆಲ್ಲ ಸೂಕ್ಷ್ಮ ನೋಡುವವರಿಗೆ ದೀಪ ಹತ್ತಿಸೋಕೆ ದಾರಿ ಸಿಗಲಿಲ್ಲ ಅಂತ ಅಲ್ಲ, ದಾರಿ ಹುಡುಕುವ ಆಸೆ ಅವರಿಗಿಲ್ಲ.

ಇಷ್ಟು ಹೇಳಿದ ಮೇಲೆ ಎರೂವ್ ಬಗ್ಗೆ ಹೇಳದೆ ಇರೋಕಾಗಲ್ಲ. 39ರ ಪಟ್ಟಿಯ ಕೊನೆಯದು ನೆನಪಿದೆಯಲ್ಲ, ಹೊತ್ತುಕೊಂಡು ಹೋಗುವುದು. ಮನೆಯಿಂದ ಬೀದಿಗೆ, ಬೀದಿಯಿಂದ ಮನೆಗೆ ಏನನ್ನೂ ಒಯ್ಯುವಂತಿಲ್ಲ. ಬೀಗದ ಕೈ ಇಲ್ಲ. ಪ್ರಾರ್ಥನೆ ಪುಸ್ತಕ ಇಲ್ಲ. ನಡೆಯಲು ಬಾರದ ಮಗುವನ್ನು ಎತ್ತಿಕೊಂಡು ಹೋಗುವಂತಿಲ್ಲ, ತಳ್ಳುಗಾಡಿಯಲ್ಲಿ ಕೂರಿಸಿ ತಳ್ಳುವಂತಿಲ್ಲ. ಇದರ ಏಟು ಯಾರಿಗೆ ಬೀಳುತ್ತೆ? ಗಂಡಸು ಕೈಬೀಸಿಕೊಂಡು ಪ್ರಾರ್ಥನಾಮಂದಿರಕ್ಕೆ, ಅಂದರೆ ಸಿನಗಾಗಿಗೆ ಹೋಗುತ್ತಾನೆ. ಕೂಸಿರುವ ತಾಯಿ ಮನೆಯಲ್ಲಿ ಕೂರುತ್ತಾಳೆ, ವಾರವಾರವೂ, ಮಗು ನಡೆಯುವ ತನಕ.

ಮನೆಯ ಒಳಗಂತೂ ಓಡಾಡಿಸಬಹುದು. ನಾಲ್ಕು ಮನೆಗೆ ಒಂದೇ ಅಂಗಳ ಇದ್ದರೆ? ಎಲ್ಲರೂ ಸೇರಿ ಒಂದಿಷ್ಟು ಊಟದ ಪದಾರ್ಥ ಒಂದು ಕಡೆ ಇಟ್ಟರೆ, ಅವರೆಲ್ಲ ಒಂದೇ ಮನೆಯವರು ಅಂತ ಲೆಕ್ಕ. ಎರೂವ್ ಅಂದರೆ ಬೆರಕೆ. ಆಗ ಅಂಗಳವೂ ಮನೆ. ಇದನ್ನೇ ಬೀದಿಗೆ, ಊರಿಗೆ ಹಿಗ್ಗಿಸಿದರು. ಊರಿಗೆ ಗೋಡೆ ಇದ್ದರೆ ಸರಿ. ಇಲ್ಲದಿದ್ದರೆ? ಗೋಡೆಯಲ್ಲಿ ಬಾಗಿಲು ಇರುತ್ತದಲ್ಲ. ಬಾಗಿಲು ಅಂದರೇನು? ಎರಡು ಕಡೆ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಹಾಗಾದರೆ ಎರಡು ಕಂಬದ ತಲೆ ಮೇಲೆ ಒಂದು ತಂತಿ ಎಳೆದರೆ ಅದೂ ಬಾಗಿಲೇ. ಸಾಲಾಗಿ ಇಂಥ ಬಾಗಿಲುಗಳೇ ಊರ ಸುತ್ತ ನಿಂತರೆ ಅದು ಬರೀ ಬಾಗಿಲುಗಳಿಂದಲೇ ಆದ ಗೋಡೆ!

ಟೆಲಿಫೋನು, ಕರೆಂಟು ಕಂಬಗಳು ಇದಕ್ಕೆ ತಕ್ಕ ಹಾಗೇ ಇವೆ. ಒಂದೇ ತೊಡಕು. ತಂತಿ ಕಂಬದ ಪಕ್ಕಕ್ಕೆ ಬಿಗಿದಿರುತ್ತದೆ, ಅಡ್ಡಪಟ್ಟಿ ಮಾತ್ರ ಕಂಬದ ತಲೆ ಮೇಲೇ ಇರಬೇಕು. ಅದಕ್ಕೆ ತಂತಿಯ ನೇರ ಕೆಳಗೆ, ಕಂಬಕ್ಕೆ ಅಂಟಿಸಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ಜೋಡಿಸುತ್ತಾರೆ. ಈಗ ಆ ಪಟ್ಟಿಯೇ ಬಾಗಿಲಿನ ಕಂಬ. ನಮ್ಮ ರಸ್ತೆಯ ಕಂಬದಲ್ಲೂ ಅಂಥದ್ದೊಂದು ಇತ್ತು. ಕೇಬಲ್ಲಿನವರು ಹಾಕಿದ್ದು ಅಂದುಕೊಂಡು ಎರಡು ವರ್ಷ ಅದರ ಕೆಳಗೇ ಕಾರು ನಿಲ್ಲಿಸಿದ್ದೇನೆ. ಮ್ಯಾನ್‌ಹ್ಯಾಟನ್ನಿನ ಸುತ್ತಲೂ ಹೀಗೆ ಎಳೆದಿದ್ದಾರೆ. ಅಲ್ಲಿ ಬಳಸಿರೋದು ಮೀನು ಹಿಡಿಯುವ ದಾರ. ಪ್ರತಿ ವಾರ ಒಬ್ಬರು ಸುತ್ತು ಹಾಕಿ ಎಲ್ಲೂ ಹರಿದಿಲ್ಲ ಅಂತ ನೋಡಿಕೊಂಡು ಬರುತ್ತಾರೆ. ಬಿರುಗಾಳಿ ಬಂದ ಶುಕ್ರವಾರ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ: ಎರೂವ್ ಸರಿ ಇದೆಯಾ?

ಕಣ್ಣಿಗೆ ಕಾಣದ ಈ ದಾರಕ್ಕೆ ನಡೆದ ಜಗಳಗಳು ಮಾತ್ರ ಚೆನ್ನಾಗಿಯೇ ಕಾಣುತ್ತವೆ. ವಾಯವ್ಯ ಲಂಡನ್ನಿನಲ್ಲಿ ಎರೂವ್ ಬೇಕು ಅಂತ ಹೊರಟವರಿಗೆ ಅದು ಸಿಕ್ಕಿದ್ದು ಹತ್ತಕ್ಕೂ ಹೆಚ್ಚು ವರ್ಷದ ಗುದ್ದಾಟದ ಮೇಲೆ, 2003ರಲ್ಲಿ. ನ್ಯೂಜೆರ್ಸಿಯ ಟೆನಫ್ಲೈ ಊರಿನ ಆಡಳಿತ ಕಂಬದ ಪಟ್ಟಿಗಳನ್ನು ಕಿತ್ತುಹಾಕಿ ಅಂದಿತು, ಮಾತು ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2002ರಲ್ಲಿ ಎರೂವ್ ಕಡೆಗೆ ತೀರ್ಪು ಬಂತು. ವಿರೋಧಿಸಿದವರಲ್ಲಿ ಯೆಹೂದಿಗಳೂ ಇದ್ದರು, ಊರಿಗೆ ಸಂಪ್ರದಾಯಸ್ಥರು ಬಂದು ತುಂಬಿಕೊಳ್ಳುತ್ತಾರೆ ಅನ್ನುವ ಭಯ. ಸಂಪ್ರದಾಯಸ್ಥರಲ್ಲೇ ಒಪ್ಪದವರೂ ಇದ್ದಾರೆ. ಆರು ಲಕ್ಷ ಜನ ಓಡಾಡುವ ಜಾಗ ನಿಜವಾದ ಸಾರ್ವಜನಿಕ ರಸ್ತೆ, ಅಲ್ಲಿ ದಾರ ಸಾಲದು ಅನ್ನೋದು ಒಂದು ಹಳೇ ಮತ. ಹಾಗಾಗಿ ಬ್ರೂಕ್ಲಿನ್ನಿನ ಒಂದೇ ಬೀದಿಯಲ್ಲಿ ಒಬ್ಬಳು ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತಾಳೆ, ಇನ್ನೊಬ್ಬಳು ಕಿಟಕಿಯಿಂದ ನೋಡುತ್ತಾಳೆ.

ಇದೆಲ್ಲ ಮೋಸ ಅಲ್ವಾ, ದೇವರಿಗೇ ಟೋಪಿ ಹಾಕೋದಲ್ವಾ ಅಂತ ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಎದುರುಮನೆಯವರು ನಕ್ಕು, "ನಿಯಮ ಮುರಿಯಬೇಕು ಅನ್ನುವವನಿಗೆ ದಾರ ಕಟ್ಟುವ ತಾಪತ್ರಯ ಯಾಕೆ?" ಅಂದರು. ಸರಿಯಾದ ಮಾತು.

ಜೀವದ ಪ್ರಶ್ನೆ ಬಂದಾಗ ಮಾತ್ರ ಈ ಯಾವ ಲೆಕ್ಕಾಚಾರವೂ ಇಲ್ಲ. ಆಜ್ಞೆಗಳಿಂದ ಮನುಷ್ಯ ಬದುಕಬೇಕು ಅನ್ನುತ್ತದೆ ಯಾಜಕಕಾಂಡ. ಬದುಕಬೇಕು, ಸಾಯಬಾರದು ಅಂತ ತಾಲ್ಮುದ್ ಅದನ್ನು ಬಿಡಿಸುತ್ತದೆ. ಒಬ್ಬನಿಗಾಗಿ ಒಂದು ಶಬ್ಬಾತ್ ಮುರಿ, ಅವನು ಬದುಕಿ ಹಲವು ಶಬ್ಬಾತ್ ಆಚರಿಸಲಿ. ಎದೆನೋವು ಬಂದರೆ ಫೋನು ಎತ್ತಬೇಕು, ಕಾರು ಓಡಿಸಬೇಕು. ರಬ್ಬಿಯನ್ನು ಕೇಳಿಬರ್ತೀನಿ ಅಂತ ತಡ ಮಾಡಿದರೆ ಅದೇ ತಪ್ಪು.

ಎಲ್ಲ ಯೆಹೂದಿಗಳೂ ಹೀಗೆ ಬದುಕುತ್ತಾರೆ ಅಂದುಕೊಳ್ಳಬೇಡಿ. ಕನ್ಸರ್ವೇಟಿವ್ ಪಂಗಡದ ಅಮೆರಿಕನ್ ರಬ್ಬಿಗಳ ಸಮಿತಿ 1950ರಲ್ಲಿ, ಸಿನಗಾಗಿಗೆ ಹೋಗುವುದಾದರೆ ಕಾರು ಓಡಿಸಬಹುದು ಅಂದಿತು. ರಿಫಾರ್ಮ್ ಪಂಗಡದವರು ಇದನ್ನು ಅವರವರಿಗೆ ಬಿಟ್ಟಿದ್ದಾರೆ. ಇಸ್ರೇಲಿನ ಎಷ್ಟೋ ಜನ ಶನಿವಾರ ಸಮುದ್ರದ ದಂಡೆಗೆ ಹೋಗುತ್ತಾರೆ. ಆದರೆ ಅಲ್ಲಿ ಅದು ರಾಜಕೀಯವೂ ಹೌದು. ಇಸ್ರೇಲಿನ ವಿಮಾನ ಕಂಪನಿ ಎಲ್ ಆಲ್‌ನ ವಿಮಾನ ಶಬ್ಬಾತ್ ದಿನ ಹಾರುವುದಿಲ್ಲ. ಹೈಫಾದಂಥ ಕೆಲವು ಕಡೆ ಬಿಟ್ಟರೆ ಸರ್ಕಾರಿ ಬಸ್ಸು ಓಡುವುದಿಲ್ಲ. 2019ರಲ್ಲಿ ಟೆಲ್ ಅವೀವ್ ನಗರಸಭೆ ತಾನೇ ವಾರಾಂತ್ಯದ ಬಸ್ಸು ಬಿಟ್ಟಾಗ ದೊಡ್ಡ ಗಲಾಟೆ ಎದ್ದಿತು. ಕಾರಿಲ್ಲದ ಬಡವನಿಗೆ ಶನಿವಾರ ಸಮುದ್ರ ನೋಡುವ ಹಕ್ಕಿಲ್ಲವೇ ಅನ್ನೋದು ಒಂದು ಕಡೆಯವರ ಮಾತು. ಬಸ್ಸಿನ ಡ್ರೈವರಿಗೆ ರಜೆ ಬೇಡವೇ ಅನ್ನೋದು ಇನ್ನೊಂದು ಕಡೆಯವರದು. ಎರಡನ್ನೂ ಧರ್ಮೋಪದೇಶಕಾಂಡದ ಅದೇ ಮಾತಿನಿಂದ ವಾದಿಸಬಹುದು ನೋಡಿ.

ಸೋಡಾದ ಬಾಕಿ ಉಳಿಯಿತು. ಮಿಶ್ನಾದಲ್ಲೇ ಅದಕ್ಕೆ ಉತ್ತರ ಇದೆ. ಯೆಹೂದಿ ಅಲ್ಲ­ದವನೊಬ್ಬ ತನಗಾಗಿ ದೀಪ ಹಚ್ಚಿಕೊಂಡರೆ ಅದರ ಬೆಳಕಲ್ಲಿ ಯೆಹೂದಿ ಕೂರಬಹುದು. ಯೆಹೂದಿಗಾಗಿಯೇ ಹಚ್ಚಿದರೆ ಕೂರುವಂತಿಲ್ಲ. ಅದರ ಜೊತೆಗೇ ಒಂದು ಪ್ರಸಂಗವಿದೆ. ರಬ್ಬಾನ್ ಗಮ್ಲಿಯೇಲ್ ಮತ್ತು ಹಿರಿಯರು ಹಡಗಿನಲ್ಲಿ ಬರುತ್ತಿದ್ದರು. ಯೆಹೂದಿ ಅಲ್ಲದವನೊಬ್ಬ ತಾನು ಇಳಿಯಲೆಂದು ಹಲಗೆಯ ಏಣಿ ಹಾಕಿಕೊಂಡ. ಅವನು ಇಳಿದ ಮೇಲೆ ಇವರೂ ಅದರಲ್ಲೇ ಇಳಿದರು. ಅಂದರೆ ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ಹಿಂದಿನ ಆ ಹಡಗಿನವನ ಪಾತ್ರ ಅವತ್ತು ನನ್ನದಾಗಿತ್ತು! ಫ್ರಿಜ್ಜು ತೆಗೆದದ್ದು ನನ್ನ ಬಾಯಾರಿಕೆಗೆ. ನನಗೇ ಬಾಯಾರಿಕೆ ಆಗುವಂತೆ ಮಾಡಲು ಸೆಕೆಯ ಮಾತು.

ಮಾರನೇ ದಿನ ರಾತ್ರಿ ಅವರೇ ನನ್ನನ್ನು ಮನೆಗೆ ಕರೆದರು. ಈ ಸಲ ಕಾಲಿಂಗ್ ಬೆಲ್ ಒತ್ತಿದರು. ಶಬ್ಬಾತ್ ಕಳಿಸಿಕೊಡುವ ಹವ್ದಾಲಾ ಶಾಸ್ತ್ರ ಇತ್ತು. ಒಂದು ಲೋಟ ದ್ರಾಕ್ಷಿಮದ್ಯ ಅಂಚು ಮೀರುವಷ್ಟು ತುಂಬಿಸಿದರು. ಲವಂಗ, ಚಕ್ಕೆ ತುಂಬಿದ ಪುಟ್ಟ ಡಬ್ಬಿಯನ್ನು ಎಲ್ಲರೂ ಮೂಸಿ ಮುಂದಿನವರಿಗೆ ದಾಟಿಸಿದರು. ಜಡೆಯ ಹಾಗೆ ಹೆಣೆದ, ಹಲವು ಬತ್ತಿಯ ಮೇಣದಬತ್ತಿಯನ್ನು ಚಿಕ್ಕ ಹುಡುಗಿ ಎತ್ತಿ ಹಿಡಿದಿದ್ದಳು. 25 ಗಂಟೆಯ ನಂತರ ಆ ಮನೆಯಲ್ಲಿ ಹೊತ್ತಿಸಿದ ಮೊದಲ ಬೆಂಕಿ ಅದು. ಬೆಂಕಿಗೆ ಒಂದು ಮಂತ್ರ ಹೇಳಿ, ಎಲ್ಲರೂ ಬೆರಳು ಮಡಚಿ ಉಗುರುಗಳನ್ನು ಆ ಬೆಳಕಿಗೆ ಹಿಡಿದು ನೋಡಿಕೊಂಡರು. ಹೊತ್ತಿಸಿದ ಬೆಂಕಿ ಉಪಯೋಗಕ್ಕೆ ಬರಬೇಕಲ್ಲ, ಅದಕ್ಕೆ. ಕೊನೆಗೆ ಮೇಣದಬತ್ತಿಯನ್ನು ಮದ್ಯದಲ್ಲಿ ಅದ್ದಿ ಚುಸ್ ಅಂತ ಆರಿಸಿದರು.

ಯಜಮಾನರು ನೇರ ಫ್ರಿಜ್ಜಿನ ಹತ್ತಿರ ಹೋದರು. ಬಾಗಿಲು ತೆಗೆದು, ಒಳಗೆ ಕೈಹಾಕಿ, ಬಲ್ಬನ್ನು ಅರ್ಧ ಸುತ್ತು ತಿರುಗಿಸಿದರು. ಬೆಳಕು ಬಂತು. "ಸೋಡಾ ಕೊಡ್ಲಾ?" ಅಂದರು.